ಕತ್ತರಿಸಿ ಸುತ್ತು ಹಾಕಿದ ಪೈಪು: ಶಹಾಬಾದಿನ ಮಾರಿಸ್ ಮೈನರ್ ಹೀಟರ್ ದುರಸ್ತಿಯ ಪ್ರಕರಣ

ಕಾರು 1958ರ ಮಾರಿಸ್ ಮೈನರ್ 1000, ನಾಲ್ಕು ಬಾಗಿಲಿನದು. 948 ಸಿಸಿ ಎಂಜಿನ್, 37 ಅಶ್ವಶಕ್ತಿ. ಮಾಲೀಕರು ಶಹಾಬಾದಿನ ನಿವೃತ್ತ ಮುಖ್ಯೋಪಾಧ್ಯಾಯರು. ಊರಿನವರಂತೆ ನಾವೂ ಅವರನ್ನು ಮಾಸ್ತರರು ಎಂದೇ ಕರೆಯುತ್ತೇವೆ. ವಕೀಲರಾಗಿದ್ದ ಅವರ ತಂದೆ ಇದನ್ನು ಹೈದರಾಬಾದಿನಿಂದ ಕೊಂಡು ತಂದಿದ್ದರು. 1956ರವರೆಗೆ ಈ ಸೀಮೆಯೆಲ್ಲ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದರಿಂದ ಇಲ್ಲಿಯ ಹಳೆಯ ಮನೆತನಗಳ ಕಾರುಗಳು ಬಹುಪಾಲು ಆ ದಾರಿಯಲ್ಲೇ ಬಂದವು. ಆ ಕಾಲದಲ್ಲಿ ಮೈನರಿಗೆ ಹೀಟರ್ ಕಡ್ಡಾಯದ ಭಾಗವಾಗಿರಲಿಲ್ಲ, ಹೆಚ್ಚುವರಿ ಹಣ ಕೊಟ್ಟವರಿಗೆ ಮಾತ್ರ ಸಿಗುತ್ತಿತ್ತು. ಈ ಕಾರಿಗೆ ಮೊದಲು ಹಣ ಕೊಟ್ಟವರು ಅದನ್ನೂ ಹಾಕಿಸಿಕೊಂಡಿದ್ದರು.

ಮಾಸ್ತರರು ಕಲಬುರಗಿಯ ನಮ್ಮ ಗ್ಯಾರೇಜಿಗೆ ಎರಡು ದೂರುಗಳನ್ನು ತಂದರು. ಬೇಸಿಗೆಯಲ್ಲಿ ಶಹಾಬಾದಿನಿಂದ ಕಲಬುರಗಿ ತಲುಪುವಷ್ಟರಲ್ಲಿ ರೇಡಿಯೇಟರ್ ಕುದಿಯುತ್ತದೆ. ಮಳೆಗಾಲದಲ್ಲೂ ಚಳಿಗಾಲದ ಬೆಳಗಿನಲ್ಲೂ ಮುಂದಿನ ಗಾಜಿಗೆ ಒಳಗಿನಿಂದ ಮಂಜು ಕಟ್ಟಿ ದಾರಿ ಕಾಣುವುದಿಲ್ಲ. ಎರಡನೆಯದನ್ನು ಅವರು ಹಳೆಯ ಕಾರಿನ ಹಣೆಬರಹ ಎಂದು ಒಪ್ಪಿಕೊಂಡಿದ್ದರು. ಅವರ ಬೇಡಿಕೆ ಮೊದಲನೆಯದರ ಬಗ್ಗೆ ಮಾತ್ರ.

“ಈ ಬಿಸಿಲ ಸೀಮೆಯಲ್ಲಿ ಹೀಟರ್ ಇಟ್ಟುಕೊಂಡು ನಾನೇನು ಮಾಡಲಿ ತಮ್ಮಾ? ಆ ಪೆಟ್ಟಿಗೆ ಹೇಗೂ ಸತ್ತಿದೆ. ಕಿತ್ತು ಗುಜರಿಗೆ ಹಾಕು. ಎಂಜಿನ್ ಕುದಿಯುವುದನ್ನು ನಿಲ್ಲಿಸಿ ಕೊಡು, ಸಾಕು” ಎಂದರು.

ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ಊರಿನಲ್ಲಿ ಈ ಮಾತು ನ್ಯಾಯವಾಗಿಯೇ ಕೇಳಿಸುತ್ತದೆ. ಹಳೆಯ ಕಾರಿನ ಹೀಟರನ್ನು ಎಲ್ಲರೂ ಮೊದಲು ಕಿತ್ತು ಎಸೆಯುವುದು ಇದೇ ಕಾರಣಕ್ಕೆ. ನಾನು ಇದನ್ನು ಒಪ್ಪುವುದಿಲ್ಲ. ಹೀಟರ್ ಎಂಜಿನ್ನಿನ ನೀರಿನ ದಾರಿಯ ಒಂದು ಕವಲು. ಅದನ್ನು ಮುಟ್ಟಿದವರು ಎಂಜಿನ್ನಿನ ತಂಪನ್ನೇ ಮುಟ್ಟಿದ ಹಾಗೆ. ಈ ಕಾರಿನಲ್ಲಿ ನಡೆದದ್ದೂ ಅದೇ.

ಮೈನರಿನ ಹೀಟರ್ ಕೆಲಸ ಮಾಡುವ ಬಗೆ ಸರಳ. ಎಂಜಿನ್ನಿನ ಹೆಡ್ಡಿನ, ಅಂದರೆ ಮೇಲ್ಭಾಗದ ಲೋಹದ ಮುಚ್ಚಳದ, ಹಿಂಭಾಗದಲ್ಲಿ ಒಂದು ಸಣ್ಣ ಹಿತ್ತಾಳೆ ನಲ್ಲಿ ಇದೆ. ಅದನ್ನು ತಿರುಗಿಸಿದರೆ ಎಂಜಿನ್ನಿನ ಬಿಸಿನೀರು ರಬ್ಬರ್ ಪೈಪಿನ ಮೂಲಕ ಕಾರಿನೊಳಗೆ, ಡ್ಯಾಷ್‌ಬೋರ್ಡಿನ ಕೆಳಗಿರುವ ತಗಡಿನ ಪೆಟ್ಟಿಗೆಗೆ ಹೋಗುತ್ತದೆ. ಪೆಟ್ಟಿಗೆಯೊಳಗೆ ತಾಮ್ರ ಹಿತ್ತಾಳೆಯ ಪುಟ್ಟ ರೇಡಿಯೇಟರ್ ಒಂದಿದೆ, ಅದಕ್ಕೆ ಕೋರ್ ಎನ್ನುತ್ತೇವೆ. ಅದರ ಹಿಂದೆ ಚಿಕ್ಕ ಮೋಟಾರು ಮತ್ತು ಪಂಖ. ಪಂಖ ಕ್ಯಾಬಿನ್ನಿನ ಗಾಳಿಯನ್ನೇ ಎಳೆದು ಕೋರಿನ ಮೂಲಕ ದಾಟಿಸುತ್ತದೆ. ಬೆಚ್ಚಗಾದ ಗಾಳಿ ಒಂದಿಷ್ಟು ಕಾಲಿನ ಕಡೆಗೆ, ಒಂದಿಷ್ಟು ಎರಡು ಕೊಳವೆಗಳ ಮೂಲಕ ಮುಂದಿನ ಗಾಜಿನ ಬುಡಕ್ಕೆ ಹೋಗುತ್ತದೆ. ಗಾಳಿಗೆ ಶಾಖ ಕೊಟ್ಟು ತಣಿದ ನೀರು ರೇಡಿಯೇಟರಿನ ಕೆಳಗಿನ ದಪ್ಪ ಪೈಪನ್ನು ಸೇರಿ, ಅಲ್ಲಿಂದ ವಾಟರ್ ಪಂಪಿಗೆ, ಮತ್ತೆ ಎಂಜಿನ್ನಿಗೆ ಮರಳುತ್ತದೆ. ಇದರಲ್ಲಿ “ತಣಿದ ನೀರು” ಎಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಬಾನೆಟ್ ಎತ್ತಿದಾಗ ಕಂಡದ್ದು ಇದು. ಹಿಂದೆ ಯಾವುದೋ ಗ್ಯಾರೇಜಿನಲ್ಲಿ ಕೋರ್ ಸೋರತೊಡಗಿದಾಗ ಹೀಟರಿಗೆ ಹೋಗುವ ಎರಡೂ ಪೈಪುಗಳನ್ನು ಕತ್ತರಿಸಿದ್ದರು. ನಲ್ಲಿಯ ತುದಿಗೂ ಕೆಳಗಿನ ದಪ್ಪ ಪೈಪಿನ ಕವಲಿಗೂ ನಡುವೆ ಗೇಣುದ್ದದ ಒಂದು ರಬ್ಬರ್ ಪೈಪನ್ನು ಸುತ್ತಿ ಎರಡು ಕ್ಲಿಪ್ ಬಿಗಿದಿದ್ದರು. ನಲ್ಲಿ ತೆರೆದ ಸ್ಥಿತಿಯಲ್ಲೇ ಕಿಲುಬು ಹಿಡಿದು ಕೂತಿತ್ತು. ಸೋರಿಕೆಯೇನೋ ನಿಂತಿತು. ಆದರೆ ಹೆಡ್ಡಿನಿಂದ ಹೊರಟ ಕುದಿಬಿಸಿ ನೀರಿನ ಒಂದು ಪಾಲು ರೇಡಿಯೇಟರಿನ ಮುಖವನ್ನೇ ನೋಡದೆ, ಕೋರಿನಲ್ಲಿ ತಣಿಯದೆ, ನೇರವಾಗಿ ಪಂಪಿಗೆ ಬಂದು ಮತ್ತೆ ಎಂಜಿನ್ನಿಗೆ ನುಗ್ಗುತ್ತಿತ್ತು. ಕೋರಿನ ಸಣ್ಣ ಕೊಳವೆಗಳ ತಡೆಯೂ ಇಲ್ಲದ್ದರಿಂದ ನೀರು ಆ ಸುಲಭದ ದಾರಿಯನ್ನೇ ಹಿಡಿಯುತ್ತದೆ. ಹೀಟರ್ ತೆಗೆಯಲೇಬೇಕು ಎಂದಿದ್ದರೆ ನಲ್ಲಿಯನ್ನು ಬಿಚ್ಚಿ ಆ ತೂತಿಗೆ ತಟ್ಟೆ ಮುಚ್ಚಿ, ಕೆಳಗಿನ ಕವಲಿಗೂ ಬಿರಡೆ ಹಾಕಬೇಕಿತ್ತು. ಸುತ್ತು ಹಾಕುವುದು ಈ ಕಾರಿಗೆ ಸಲ್ಲದ ಕೆಲಸ.

ಕಣ್ಣಿಗೆ ಕಂಡದ್ದಷ್ಟೇ ಸಾಲದು, ಅಳೆದು ನೋಡಬೇಕು. ಮೈನರಿನಲ್ಲಿ ಉಷ್ಣತೆಯ ಮಾಪಕವೇ ಇಲ್ಲ. ಆವಿ ಏಳುವವರೆಗೆ ಚಾಲಕನಿಗೆ ಏನೂ ಗೊತ್ತಾಗುವುದಿಲ್ಲ. ನಾವು ದೂರದಿಂದ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಬಳಸಿದೆವು. ಹೊಳೆಯುವ ಲೋಹದ ಮೇಲೆ ಅದು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಹಾಗಾಗಿ ಅಳೆಯುವ ಕಡೆಯಲ್ಲೆಲ್ಲ ಕಪ್ಪು ಟೇಪಿನ ತುಂಡು ಅಂಟಿಸಿದೆವು. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ರೇಡಿಯೇಟರಿನ ಕೆಳಗಿನ ತೊಟ್ಟಿ ಒಂದು ಉಷ್ಣತೆ ತೋರಿದರೆ, ಕವಲು ಸೇರಿದ ನಂತರದ ಪೈಪು ಅದಕ್ಕಿಂತ ಬಹಳ ಹೆಚ್ಚು ತೋರಿತು. ಸುತ್ತು ಪೈಪನ್ನು ಕ್ಲ್ಯಾಂಪಿನಿಂದ ಒತ್ತಿ ಹಿಡಿದಾಗ ಆ ಅಂತರ ನೋಡನೋಡುತ್ತಲೇ ಇಳಿಯಿತು. ಬಿಟ್ಟರೆ ಮತ್ತೆ ಏರಿತು. ಮಾಸ್ತರರು ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಹೀಟರನ್ನು ಗುಜರಿಗೆ ಹಾಕುವ ಮಾತನ್ನು ಆಮೇಲೆ ಅವರು ಎತ್ತಲಿಲ್ಲ.

ಥರ್ಮೋಸ್ಟಾಟ್ ಎಂದರೆ ನೀರು ತಕ್ಕಷ್ಟು ಬಿಸಿಯಾಗುವವರೆಗೆ ರೇಡಿಯೇಟರಿನ ದಾರಿಯನ್ನು ಮುಚ್ಚಿಡುವ ಕವಾಟ. ಅದರ ಮುಚ್ಚಳ ಬಿಚ್ಚಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಥರ್ಮೋಸ್ಟಾಟೇ ಇರಲಿಲ್ಲ. ಕಾರು ಬಿಸಿಯಾಗುತ್ತದೆ ಎಂದರೆ ಮೊದಲು ಅದನ್ನು ತೆಗೆದುಹಾಕುವುದು ನಮ್ಮ ಕಡೆಯ ರೂಢಿ. ರೋಗ ಬೇರೆಲ್ಲೋ ಇರುವಾಗ ಇದರಿಂದ ಬೇಸಿಗೆಯಲ್ಲಿ ಲಾಭವಿಲ್ಲ. ಚಳಿಗಾಲದಲ್ಲಂತೂ ಎಂಜಿನ್ ತಕ್ಕಷ್ಟು ಬಿಸಿಯಾಗುವುದಿಲ್ಲ, ಹೀಟರಿನಿಂದ ಉಗುರುಬೆಚ್ಚಗಿನ ಗಾಳಿಯಷ್ಟೇ ಬರುತ್ತದೆ. “ಹೀಟರ್ ಇದ್ದರೂ ಪ್ರಯೋಜನವಿಲ್ಲ” ಎಂಬ ಮಾತು ಹುಟ್ಟುವುದು ಬಹಳ ಸಲ ಇಲ್ಲಿಂದಲೇ.

ಪೆಟ್ಟಿಗೆಯನ್ನು ಹೊರತೆಗೆಯುವ ಕೆಲಸಕ್ಕೆ ತಾಳ್ಮೆ ಬೇಕು, ಬುದ್ಧಿವಂತಿಕೆ ಅಷ್ಟೇನೂ ಬೇಡ. ಬ್ಯಾಟರಿಯ ತಂತಿ ಮೊದಲು ಬಿಚ್ಚಬೇಕು. ಮೈನರಿನಲ್ಲಿ ಬಾಡಿಗೆ, ಅಂದರೆ ಕಾರಿನ ತಗಡಿನ ಮೈಗೆ, ಸೇರಿರುವುದು ಬ್ಯಾಟರಿಯ ಧನ ತುದಿ, ಈಗಿನ ಕಾರುಗಳಿಗೆ ತಿರುಗುಮುರುಗು. ರೇಡಿಯೇಟರಿನ ನೀರನ್ನೂ ಬ್ಲಾಕಿನ ನೀರನ್ನೂ ಪೂರ್ತಿ ಬಸಿಯಬೇಕು. ಕಾಲಡಿಯ ಹಾಸನ್ನು ತೆಗೆದಿಡಬೇಕು, ಏಕೆಂದರೆ ಕೋರಿನಲ್ಲಿ ಉಳಿದ ನೀರು ಎಷ್ಟು ಎಚ್ಚರದಿಂದಿದ್ದರೂ ಚೆಲ್ಲುತ್ತದೆ. ಹಾಸಿನಡಿಯ ತಗಡು ಎಡಗಡೆ ತುಕ್ಕು ಹಿಡಿದು ಹಪ್ಪಳದಂತಾಗಿತ್ತು. ಹೀಟರ್ ಎಷ್ಟು ಕಾಲ ಸೋರಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಪೆಟ್ಟಿಗೆಯೊಳಗೆ ಸಂದುಗಳಿಗೆ ಅಂಟಿಸಿದ್ದ ಹಳೆಯ ಪಟ್ಟಿಗಳು ಪುಡಿಯಾಗಿದ್ದವು. ಆ ಕಾಲದ ಪಟ್ಟಿಗಳಲ್ಲಿ ಕಲ್ನಾರು ಇರುವ ಸಂಭವವಿದೆ. ಆದ್ದರಿಂದ ಅವನ್ನು ನೀರಿನಲ್ಲಿ ನೆನೆಸಿ, ಮುಖಕ್ಕೆ ಮಾಸ್ಕ್ ಹಾಕಿಕೊಂಡು ಒದ್ದೆಯಾಗಿಯೇ ಕೆರೆದು ತೆಗೆದೆವು. ಗಾಳಿ ಊದಿ ಧೂಳು ಎಬ್ಬಿಸುವ ಕೆಲಸವನ್ನು ಇಲ್ಲಿ ಯಾರೂ ಮಾಡಬಾರದು.

ನಿಜವಾದ ಕೆಲಸ ಕೋರಿನದು. ಒಂದು ತುದಿಗೆ ಲಾಳಿಕೆ ಇಟ್ಟು ನೀರು ಸುರಿದರೆ ಇನ್ನೊಂದು ತುದಿಯಿಂದ ತೊಟ್ಟಿಕ್ಕಿತು ಅಷ್ಟೇ. ಮೊದಲು ಹೊರಬಂದದ್ದು ಹಳದಿ ಕೆಸರು. ಅರಿಶಿನ! ರೇಡಿಯೇಟರ್ ಸೋರಿದರೆ ದಾರಿಯಲ್ಲಿ ಹಿಡಿ ಅರಿಶಿನ ಪುಡಿ ಹಾಕುವುದು ಲಾರಿಯವರ ಹಳೆಯ ಉಪಾಯ. ನಡುರಸ್ತೆಯಲ್ಲಿ ನಿಂತವರನ್ನು ಅದು ಊರು ಮುಟ್ಟಿಸುತ್ತದೆ, ಅದನ್ನು ನಾನು ಹಳಿಯುವುದಿಲ್ಲ. ಆದರೆ ಊರು ಮುಟ್ಟಿದ ಮೇಲೆ ತೊಳೆದು ತೆಗೆಯದಿದ್ದರೆ ಆ ಪುಡಿ ಹೋಗಿ ಕೂರುವುದು ಅತಿ ಸಣ್ಣ ಕೊಳವೆಗಳಲ್ಲಿ, ಅಂದರೆ ಹೀಟರಿನ ಕೋರಿನಲ್ಲಿ.

ಅರಿಶಿನದ ಹಿಂದೆ ಸುಣ್ಣ ಇತ್ತು. ಶಹಾಬಾದಿನ ನೆಲವೇ ಸುಣ್ಣದ ಕಲ್ಲು. ನಾಡಿನ ಎಷ್ಟೋ ಮನೆಗಳ ನೆಲಕ್ಕೆ ಹಾಸಿರುವ ಶಹಾಬಾದಿ ಫರಸಿ ಅದೇ. ವಾಡಿ, ಸೇಡಂಗಳ ಸಿಮೆಂಟ್ ಕಾರ್ಖಾನೆಗಳಿಗೂ ಅದೇ ಆಧಾರ. ಆ ಕಲ್ಲಿನೊಳಗಿನಿಂದ ಬರುವ ಬೋರಿನ ನೀರಿನಲ್ಲಿ ಕ್ಯಾಲ್ಸಿಯಂ ತುಂಬಿರುತ್ತದೆ. ಬಿಸಿಯಾದಾಗ ಅದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಲೋಹಕ್ಕೆ ಅಂಟುತ್ತದೆ. ಮಾಸ್ತರರ ಮನೆಯವರು ಆ ಕಾರಿಗೆ ವರ್ಷಾನುಗಟ್ಟಲೆ ಬೋರಿನ ನೀರನ್ನೇ ಹಾಕಿದ್ದರು. ಈ ಬಿಳಿ ಪದರ ಶಾಖ ದಾಟಲು ಬಿಡುವುದಿಲ್ಲ, ನೀರಿನ ದಾರಿಯನ್ನೂ ಕಿರಿದು ಮಾಡುತ್ತದೆ.

ಸುಣ್ಣಕ್ಕೆ ಹುಳಿಯೇ ಮದ್ದು. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವ ಸಿಟ್ರಿಕ್ ಆಮ್ಲವನ್ನು ಬಿಸಿನೀರಿನಲ್ಲಿ ಲೀಟರಿಗೆ ಸುಮಾರು 50 ಗ್ರಾಂ ಕರಗಿಸಿ ಕೋರಿನೊಳಗೆ ತುಂಬಿದೆವು. ನೊರೆ ಏಳುತ್ತದೆ, ಸುಣ್ಣ ಕರಗಿ ಅನಿಲ ಹೊರಬರುತ್ತಿದೆ ಎಂದರ್ಥ. ತುದಿಗಳನ್ನು ಬಿಗಿಯಾಗಿ ಮುಚ್ಚಬಾರದು. ನೊರೆ ನಿಂತ ಮೇಲೆ ಆ ನೀರು ಚೆಲ್ಲಿ, ನೀರು ಸಹಜವಾಗಿ ಹರಿಯುವ ದಿಕ್ಕಿಗೆ ವಿರುದ್ಧವಾಗಿ ಮೆಲ್ಲನೆ ನೀರು ಹಾಯಿಸಿ, ಮತ್ತೆ ಹೊಸ ದ್ರಾವಣ ತುಂಬಿದೆವು. ಹೊರಬರುವ ನೀರು ತಿಳಿಯಾಗುವವರೆಗೆ ಇದೇ ಕೆಲಸ. ಕೊನೆಗೆ ಅಡುಗೆ ಸೋಡಾ ಬೆರೆಸಿದ ನೀರಿನಿಂದ ಹುಳಿಯನ್ನು ಕಳೆದು, ಸಾದಾ ನೀರಿನಲ್ಲಿ ಚೆನ್ನಾಗಿ ತೊಳೆದೆವು. ಬೇಗ ಮುಗಿಸುವ ಆಸೆಯಿಂದ ಕಾಸ್ಟಿಕ್ ಸೋಡಾ ಅಥವಾ ಬಚ್ಚಲು ತೊಳೆಯುವ ಕಡು ಆಮ್ಲ ಬಳಸುವವರಿದ್ದಾರೆ. ಅವು ಬೆಸುಗೆಯನ್ನೂ ಹಿತ್ತಾಳೆಯನ್ನೂ ತಿನ್ನುತ್ತವೆ. ಕಂಪ್ರೆಸರಿನ ಗಾಳಿ ಹೊಡೆದರೆ ಅರವತ್ತು ವರ್ಷ ದಾಟಿದ ಬೆಸುಗೆ ಬಿರಿಯುತ್ತದೆ.

ಸೋರಿಕೆ ಹುಡುಕಲು ಒಂದು ತುದಿ ಮುಚ್ಚಿ, ಇನ್ನೊಂದಕ್ಕೆ ಸೈಕಲ್ ಪಂಪ್ ಮತ್ತು ಮಾಪಕ ಜೋಡಿಸಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಚದರ ಇಂಚಿಗೆ ಹತ್ತು ಪೌಂಡಿನಷ್ಟು ಒತ್ತಡ ಕೊಟ್ಟೆವು. ಗುಳ್ಳೆ ಎದ್ದದ್ದು ಎರಡು ಕಡೆ: ಕೊಳವೆಯೊಂದು ಕೋರಿನ ತುದಿಯ ತೊಟ್ಟಿಯನ್ನು ಸೇರುವ ಬೆಸುಗೆಯಲ್ಲಿ, ಮತ್ತು ಪೈಪಿನ ಮೂತಿಯ ಬುಡದಲ್ಲಿ.

ಇದನ್ನು ನಾನು ನಮ್ಮ ಊರಿನ ರೇಡಿಯೇಟರ್ ಕೆಲಸದ ಚಾಚಾ ಅವರ ಕೈಗೆ ಕೊಟ್ಟೆ. ಅಲ್ಯೂಮಿನಿಯಂ ಮತ್ತು ಪ್ಲಾಸ್ಟಿಕ್ಕಿನ ರೇಡಿಯೇಟರುಗಳು ಬಂದ ಮೇಲೆ ತಾಮ್ರ ಹಿತ್ತಾಳೆಯ ಕೆಲಸ ಬಲ್ಲವರು ಬೆರಳೆಣಿಕೆಯಷ್ಟು ಉಳಿದಿದ್ದಾರೆ. ಅವರ ಕೈಯನ್ನು ಹತ್ತಿರದಿಂದ ನೋಡುವುದೇ ಒಂದು ಪಾಠ. ಮೊದಲು ಆ ಜಾಗವನ್ನು ಹೊಸ ತಾಮ್ರದ ಬಣ್ಣ ಬರುವವರೆಗೆ ಕೆರೆದರು. ಸತುವನ್ನು ಆಮ್ಲದಲ್ಲಿ ಕರಗಿಸಿ ಮಾಡಿಕೊಂಡ ದ್ರವವನ್ನು ಕುಂಚದಿಂದ ಸವರಿದರು. ಉರಿಯನ್ನು ನೇರ ಸೋರುವ ಜಾಗಕ್ಕೆ ಹಿಡಿಯಲಿಲ್ಲ, ಪಕ್ಕದಿಂದ ಕಾಯಿಸಿದರು.

“ಹತ್ತಿರದ ಬೆಸುಗೆ ಕರಗಿದರೆ ಒಂದು ತೂತು ಮುಚ್ಚಲು ಹೋಗಿ ಮೂರು ತೂತಾಗುತ್ತದೆ ಬೇಟಾ. ಮೊದಲು ಕಲಾಯಿ ಹಿಡಿಯಲಿ. ಕಲಾಯಿ ಹಿಡಿಯದ ಮೇಲೆ ಬೆಸುಗೆ ಕೂರುವುದಿಲ್ಲ, ಸುಮ್ಮನೆ ಮೇಲೆ ಅಂಟಿದಂತೆ ಕಾಣುತ್ತದೆ” ಎಂದು ನಮ್ಮ ಹುಡುಗನಿಗೆ ಹೇಳಿದರು. ಅಕ್ಕಪಕ್ಕದ ಬೆಸುಗೆಗಳ ಮೇಲೆ ಒದ್ದೆ ಬಟ್ಟೆ ಹೊದಿಸಿ ತಂಪಾಗಿಟ್ಟಿದ್ದರು. ತವರ ಸೀಸದ ಬೆಸುಗೆ 183 ಡಿಗ್ರಿಯಲ್ಲೇ ಕರಗಲು ತೊಡಗುವುದರಿಂದ ಈ ಎಚ್ಚರ ಬೇಕೇ ಬೇಕು. ಸೀಸದ ಹೊಗೆಯ ಕಾರಣ ಕೆಲಸವೆಲ್ಲ ಅಂಗಳದಲ್ಲಿ, ತೆರೆದ ಗಾಳಿಯಲ್ಲಿ ನಡೆಯಿತು. ಮತ್ತೆ ತೊಟ್ಟಿಯಲ್ಲಿ ಮುಳುಗಿಸಿದಾಗ ಮೂತಿಯ ಬುಡ ಗಟ್ಟಿಯಾಗಿತ್ತು, ಕೊಳವೆ ಮಾತ್ರ ಇನ್ನೂ ಗುಳ್ಳೆ ಬಿಡುತ್ತಿತ್ತು. ಅದರ ಗೋಡೆಯೇ ಒಳಗಿನಿಂದ ಸವೆದಿತ್ತು. ಚಾಚಾ ಆ ಒಂದು ಕೊಳವೆಯ ಎರಡೂ ಬಾಯಿಗಳನ್ನು ಮುಚ್ಚಿಬಿಟ್ಟರು. ಶಾಖ ತುಸು ಕಡಿಮೆಯಾಗುತ್ತದೆ, ಕೋರ್ ಉಳಿಯುತ್ತದೆ. ಹೊಸ ಕೋರ್ ಇಂಗ್ಲೆಂಡಿನಿಂದ ತರಿಸಬಹುದಿತ್ತು. ಹಳೆಯದು ಪೂರ್ತಿ ಕೊಳೆತಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಒಂದು ಕೊಳವೆಗಾಗಿ ಇಡೀ ಕೋರನ್ನು ಬಿಸಾಡುವುದು ನನಗೆ ಸರಿ ಕಾಣಲಿಲ್ಲ.

ಮೋಟಾರು ಬಿಗಿದು ನಿಂತಿತ್ತು. ಒಳಗೆ ಸುಟ್ಟ ವಾಸನೆ ಇರಲಿಲ್ಲ. ಮೀಟರಿನಲ್ಲಿ ಸುರುಳಿಗಳು ಸರಿಯಾಗಿದ್ದವು, ಬಾಡಿಗೆ ತಾಗಿರಲಿಲ್ಲ. ಮೋಟಾರಿನ ದಂಡ ತಿರುಗುವ ಲೋಹದ ಬಳೆಗಳಾದ ಬುಷ್‌ಗಳಲ್ಲಿ ಎಣ್ಣೆ ಅಂಟಾಗಿ ಗಟ್ಟಿಯಾಗಿದ್ದುದೇ ಕಾರಣ. ಬಿಚ್ಚುವ ಮೊದಲು ತಂತಿಗಳಿಗೂ ಪಂಖ ಕೂತಿದ್ದ ಜಾಗಕ್ಕೂ ಗುರುತು ಮಾಡಿದೆವು. ತಿರುಗುವ ಸುರುಳಿಗಳಿಗೆ ವಿದ್ಯುತ್ ದಾಟಿಸುವ ತಾಮ್ರದ ಪಟ್ಟಿಗಳ ಉರುಳೆಯನ್ನು, ಅಂದರೆ ಕಮ್ಯುಟೇಟರನ್ನು, ನಯವಾದ ಉಪ್ಪುಕಾಗದದಿಂದ ಉಜ್ಜಿ, ಪಟ್ಟಿಗಳ ನಡುವಿನ ಸಂದುಗಳಲ್ಲಿ ಸೇರಿದ್ದ ಇದ್ದಿಲ ಪುಡಿಯನ್ನು ತೆಗೆದೆವು. ಕಾರ್ಬನ್ ಬ್ರಷ್‌ಗಳು ಸವೆದಿದ್ದವು. ಅದೇ ಅಳತೆಯವು ಸಿಗದೆ, ಸ್ವಲ್ಪ ದೊಡ್ಡವನ್ನು ತಂದು ಅರದಿಂದ ಉಜ್ಜಿ ಕೂರಿಸಿದೆವು. ಬುಷ್‌ಗಳನ್ನು ಎಣ್ಣೆಯಲ್ಲಿ ನೆನೆಹಾಕಿದೆವು. ಆ ಲೋಹ ಎಣ್ಣೆ ಹೀರಿಕೊಂಡು ನಿಧಾನವಾಗಿ ಬಿಡುವಂಥದ್ದು, ಗ್ರೀಸ್ ತುಂಬಬಾರದು. ಶಾಶ್ವತ ಅಯಸ್ಕಾಂತದ ಮೋಟಾರಾದರೆ ಧನ ಋಣ ಅದಲುಬದಲಾದಾಗ ಪಂಖ ಹಿಮ್ಮುಖವಾಗಿ ಸುತ್ತುತ್ತದೆ. ಧನ ತುದಿ ಬಾಡಿಗೆ ಸೇರಿರುವ ಕಾರಿನಲ್ಲಿ ಇದನ್ನು ಮರೆತರೆ ಮೋಟಾರು ಚೆನ್ನಾಗಿ ಓಡಿದರೂ ಗಾಳಿ ಬಾರದು. ಮೋಟಾರಿನ ತಂತಿಗೆ ಪ್ರತ್ಯೇಕ ಫ್ಯೂಸ್ ಇರಲಿಲ್ಲ. ಅದನ್ನೊಂದನ್ನು ಸೇರಿಸಿದೆವು. ಮೂಲದಲ್ಲಿ ಇಲ್ಲದ್ದನ್ನು ಹಾಕುವುದು ನನಗೆ ಇಷ್ಟವಿಲ್ಲ, ಆದರೆ ಬೆಂಕಿಯ ವಿಷಯದಲ್ಲಿ ಹಟ ಸಲ್ಲದು.

ಪೆಟ್ಟಿಗೆಯ ತುಕ್ಕು ತೆಗೆದು, ಕೊಳೆತ ಕೆಳ ಅಂಚಿಗೆ ತಗಡಿನ ತೇಪೆ ಬೆಸೆದು, ಪ್ರೈಮರ್ ಹೊಡೆದು, ಬ್ರಾಕೆಟ್ಟಿನ ಹಿಂದೆ ಉಳಿದಿದ್ದ ಹಳೆಯ ಬಣ್ಣಕ್ಕೆ ಹೊಂದಿಸಿ ಬಣ್ಣ ಬಳಿದೆವು. ಸಂದುಗಳಿಗೆ ನೀರು ಹೀರದ ಫೋಮ್ ಪಟ್ಟಿ ಅಂಟಿಸಿದೆವು. ಇದು ಅಂದಕ್ಕಲ್ಲ. ಕೋರಿನ ಸುತ್ತ ಸಂದು ಉಳಿದರೆ ಗಾಳಿ ಕೋರನ್ನು ಬಿಟ್ಟು ಸಂದಿನಿಂದಲೇ ದಾಟಿ ತಣ್ಣಗೆ ಹೊರಬರುತ್ತದೆ. ಗಾಜಿನ ಕಡೆ ಹೋಗುವ ಕೊಳವೆಗಳು ಹರಿದಿದ್ದವು, ಹೊಸವನ್ನು ಹಾಕಿದೆವು.

ನಲ್ಲಿಯ ಮೇಲೆ ನಾನು ಕೋರಿನಷ್ಟೇ ಸಮಯ ಕಳೆದೆ. ಬೇಸಿಗೆಯಲ್ಲಿ ಅದು ಪೂರ್ತಿ ಮುಚ್ಚದಿದ್ದರೆ ಕ್ಯಾಬಿನ್ ಒಲೆಯಾಗುತ್ತದೆ, ಮಾಸ್ತರರು ಮತ್ತೆ ಹೀಟರನ್ನು ಕೀಳಿಸುತ್ತಾರೆ. ಸುಣ್ಣ ಕರಗಿಸಿ, ಒಳಗಿನ ಕೂಡುವ ಮೇಲ್ಮೈಯನ್ನು ಉಜ್ಜಿ ಸಮ ಮಾಡಿ, ಹೊಸ ವಾಷರ್ ಹಾಕಿ, ಹೆಡ್ಡಿಗೆ ಕೂರುವ ಕಡೆ ಹೊಸ ಗ್ಯಾಸ್ಕೆಟ್ ಇಟ್ಟೆವು. ಮುಚ್ಚಿದ ನಲ್ಲಿಯ ಮೂಲಕ ಬಾಯಿಂದ ಊದಿದರೂ ಗಾಳಿ ದಾಟದಂತಾದ ಮೇಲೆಯೇ ಅದನ್ನು ಕಾರಿಗೆ ಜೋಡಿಸಿದ್ದು. ಮುಖ್ಯ ರೇಡಿಯೇಟರಿನಲ್ಲೂ ಇದೇ ಸುಣ್ಣ ಇತ್ತು, ಅದನ್ನೂ ಇದೇ ಕ್ರಮದಲ್ಲಿ ತೊಳೆದೆವು. ಎಂಜಿನ್ ಕುದಿಯಲು ಅದರ ಪಾಲೂ ಇತ್ತು. ಸುತ್ತು ಪೈಪೊಂದೇ ಕಾರಣ ಎಂದರೆ ಪೂರ್ತಿ ನಿಜವಾಗುವುದಿಲ್ಲ.

82 ಡಿಗ್ರಿಯ ಥರ್ಮೋಸ್ಟಾಟ್ ಹಾಕಲು ಮಾಸ್ತರರು ಅಂಜಿದರು. ಅಡುಗೆಮನೆಯ ಪಾತ್ರೆಯಲ್ಲಿ ನೀರು ಕಾಯಿಸಿ, ಅದರಲ್ಲಿ ಥರ್ಮೋಸ್ಟಾಟ್ ಇಳಿಬಿಟ್ಟು ಅದು ತೆರೆದುಕೊಳ್ಳುವುದನ್ನು ಅವರಿಗೆ ತೋರಿಸಿದೆ. ನಾಲ್ಕು ದಶಕ ವಿಜ್ಞಾನ ಕಲಿಸಿದವರು, ಕಣ್ಣಾರೆ ಕಂಡದ್ದನ್ನು ಒಪ್ಪಿದರು.

ನೀರು ತುಂಬುವಾಗ ನಲ್ಲಿ ತೆರೆದಿರಬೇಕು, ಇಲ್ಲವಾದರೆ ಕೋರಿನಲ್ಲಿ ಗಾಳಿ ಸಿಕ್ಕಿಬೀಳುತ್ತದೆ. ಮರಳುವ ಪೈಪಿನ ಕ್ಲಿಪ್ ಸಡಿಲಿಸಿ, ಅಲ್ಲಿ ನೀರು ಕಾಣಿಸಿಕೊಂಡ ಮೇಲೆ ಬಿಗಿದೆವು. ಬೋರಿನ ನೀರು ಇನ್ನು ಮುಂದೆ ಈ ಕಾರಿಗೆ ನಿಷಿದ್ಧ. ಬ್ಯಾಟರಿಗೆ ಹಾಕುವ ಭಟ್ಟಿ ಇಳಿಸಿದ ನೀರಿಗೆ ಹಳೆಯ ಬಗೆಯ ಗ್ಲೈಕಾಲ್ ಕೂಲಂಟ್ ಬೆರೆಸಿದೆವು. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಭಯವಿಲ್ಲ. ತುಕ್ಕು ತಡೆಯುವ ಅದರ ಗುಣ ನಮಗೆ ಬೇಕಾದದ್ದು. ಹೊಸ ಕಾರುಗಳಿಗೆಂದು ಬರುವ ಸಾವಯವ ಆಮ್ಲದ ಕೂಲಂಟುಗಳನ್ನು ಸೀಸದ ಬೆಸುಗೆಯಿರುವ ಹಳೆಯ ಕಾರಿಗೆ ನಾನು ಹಾಕುವುದಿಲ್ಲ.

ಪರೀಕ್ಷೆಗೆ ಚಳಿಗಾಲದ ಬೆಳಗಿನ ಜಾವ ಬೀದರಿಗೆ ಹೊರಟೆವು. ರಾಜ್ಯದಲ್ಲಿ ಚಳಿ ಹೆಚ್ಚು ಬೀಳುವ ಊರುಗಳಲ್ಲಿ ಬೀದರ್ ಒಂದು. ಕಮಲಾಪುರ ದಾಟುವಷ್ಟರಲ್ಲಿ ಹೊಲಗಳ ಮೇಲೆ ಮಂಜು ಇಳಿದಿತ್ತು, ಗಾಜು ಮಬ್ಬಾಗತೊಡಗಿತ್ತು. ಪಂಖದ ಗುಂಡಿ ಎಳೆದ ಕೆಲವು ನಿಮಿಷಗಳಲ್ಲಿ ಗಾಜಿನ ಕೆಳಗಿನ ಅರ್ಧ ತಿಳಿಯಾಯಿತು. ಮೇಲಿನ ಭಾಗ ತಿಳಿಯಾಗಲು ಪಕ್ಕದ ಸಣ್ಣ ಗಾಜನ್ನು ಬೆರಳಗಲ ತೆರೆಯಬೇಕಾಯಿತು. ಕ್ಯಾಬಿನ್ನಿನ ಗಾಳಿಯನ್ನೇ ಸುತ್ತಿಸುವ ಹೀಟರಿನ ಮಿತಿ ಇದು. ನಮ್ಮ ಉಸಿರಿನ ತೇವ ಒಳಗೇ ಉಳಿಯುತ್ತದೆ, ಅದಕ್ಕೆ ಹೊರದಾರಿ ಬೇಕು. ಹುಮನಾಬಾದಿನಲ್ಲಿ ಚಹಾ ಕುಡಿಯಲು ನಿಲ್ಲಿಸಿದಾಗ ಮಾಸ್ತರರು ಶಾಲು ತೆಗೆದು ಹಿಂದಿನ ಸೀಟಿಗೆ ಹಾಕಿದ್ದರು.

ಬೇಸಿಗೆ ಬಂದಾಗ ನಲ್ಲಿ ಮುಚ್ಚಿ ಓಡಿಸಿದರು. ಶಹಾಬಾದಿನಿಂದ ಕಲಬುರಗಿಗೆ ನಡುಮಧ್ಯಾಹ್ನ ಬಂದಾಗಲೂ ನೀರು ಕುದಿಯಲಿಲ್ಲ. ವಾಹನಗಳ ದಟ್ಟಣೆಯಲ್ಲಿ ಸಿಕ್ಕಿ ಎಂಜಿನ್ ಕಾದಂತೆ ಅನ್ನಿಸಿದರೆ ಬಾನೆಟ್ ಎತ್ತಿ ನಲ್ಲಿ ತೆರೆದು, ಪಂಖ ಹಾಕಿ, ಕಿಟಕಿಗಳನ್ನೆಲ್ಲ ಇಳಿಸಿ ಎಂದು ಹೇಳಿದ್ದೇನೆ. ಕೂತವರಿಗೆ ಕಷ್ಟ, ಎಂಜಿನ್ನಿಗೆ ಮಾತ್ರ ಅದು ಎರಡನೆಯ ರೇಡಿಯೇಟರ್.

ಶಿವರಾತ್ರಿಗೆ ಚಳಿ ಶಿವ ಶಿವ ಎಂದು ಹೋಗುತ್ತದೆ ಎಂಬ ಮಾತನ್ನೇ ಮಾಸ್ತರರು ನಲ್ಲಿಯ ಪಂಚಾಂಗ ಮಾಡಿಕೊಂಡಿದ್ದಾರೆ. ಶಿವರಾತ್ರಿಗೆ ಮುಚ್ಚುತ್ತಾರೆ, ದೀಪಾವಳಿಗೆ ತೆರೆಯುತ್ತಾರೆ. ನಾನು ಅದಕ್ಕೊಂದು ಸೇರಿಸಿದ್ದೇನೆ: ಮುಚ್ಚಿದ ತಿಂಗಳುಗಳಲ್ಲೂ ಆಗಾಗ ಎಂಜಿನ್ ತಣ್ಣಗಿರುವಾಗ ನಲ್ಲಿಯನ್ನು ಒಮ್ಮೆ ಪೂರ್ತಿ ತಿರುಗಿಸಿ ಮತ್ತೆ ಮುಚ್ಚಬೇಕು, ಆಗ ನಲ್ಲಿ ಹಿಡಿದುಕೊಳ್ಳುವುದಿಲ್ಲ. ಎರಡು ವರ್ಷಕ್ಕೊಮ್ಮೆ ಕೂಲಂಟ್ ಬದಲಿಸಲು ಕಾರು ಮತ್ತೆ ನಮ್ಮಲ್ಲಿಗೆ ಬರುತ್ತದೆ. ಮುಂದಿನ ಸಲ ಬಂದಾಗ ಮೋಟಾರಿನ ಹಿಂದಿನ ಬುಷ್ ಹೊಸದಾಗಿ ತಿರುವಿಸಿ ಹಾಕಬೇಕಿದೆ, ವೇಗದಲ್ಲಿ ಅದು ಇನ್ನೂ ಸಣ್ಣಗೆ ಕಿರುಗುಟ್ಟುತ್ತಿದೆ.